ಹಳೇ ಮಂಚದ ಮೇಲೊಂದು ಎಂಜಿನ್

2024ರ ಜನವರಿ, ಸಂಕ್ರಾಂತಿ ಮುಗಿದ ಮೇಲಿನ ವಾರ. ಎಂಜಿನ್ ತಯಾರಿಸುವ ಕಾರ್ಖಾನೆಯೊಂದರ ಟೆಸ್ಟಿಂಗ್ ವಿಭಾಗದಲ್ಲಿ ಮ್ಯಾನೇಜರ್ ಆಗಿದ್ದ ನಾನು ನಿವೃತ್ತನಾಗಿ, ಪದ್ಮನಾಭನಗರದ ಮನೆಯಲ್ಲಿ ಪೇಪರ್ ಓದುತ್ತ, ಹೆಂಡತಿಯ ಸಾರಿನಲ್ಲಿ ತಪ್ಪು ಹುಡುಕುತ್ತ, ಅವಳಿಂದ ಬೈಸಿಕೊಳ್ಳುತ್ತ ಕಾಲ ತಳ್ಳುತ್ತಿದ್ದೆ. ತಪ್ಪು ಹುಡುಕುವುದಕ್ಕೇ ಇಷ್ಟು ವರ್ಷ ಸಂಬಳ ಪಡೆದವನು ನಾನು. ಆ ಚಾಳಿ ಅಷ್ಟು ಬೇಗ ಬಿಡುತ್ತದೆಯೇ?

ನನ್ನ ಕೆಲಸ ಏನಿತ್ತೆಂದು ಮೊದಲು ಹೇಳಿಬಿಡುತ್ತೇನೆ. ಹೊಸ ಎಂಜಿನ್ ಗಾಡಿಯೊಳಗೆ ಕೂರುವ ಮೊದಲು ಅದನ್ನು ಒಂದು ಕಬ್ಬಿಣದ ಪೀಠಕ್ಕೆ ಬಿಗಿಯುತ್ತೇವೆ. ಪೆಟ್ರೋಲು, ನೀರು, ಬ್ಯಾಟರಿ ಎಲ್ಲವನ್ನೂ ಹೊರಗಿನಿಂದ ಕೊಟ್ಟು, ಗಂಟೆಗಟ್ಟಲೆ ಓಡಿಸಿ, ಬಿಸಿ ಎಷ್ಟು, ಆಯಿಲ್ ಒತ್ತಡ ಎಷ್ಟು, ಸದ್ದು ಎಂಥದ್ದು ಎಂದು ನೋಡುತ್ತೇವೆ. ಆ ಪೀಠಕ್ಕೆ ಟೆಸ್ಟ್ ಬೆಡ್ ಎನ್ನುತ್ತಾರೆ. ನನ್ನ ವೃತ್ತಿಜೀವನವೆಲ್ಲ ಅದರ ಪಕ್ಕದಲ್ಲೇ ಕಳೆದಿದೆ, ಅದಕ್ಕೇ ಈಗ ಎಡಗಿವಿ ಸ್ವಲ್ಪ ಮಂದ.

ಆ ವಾರ ಒಂದು ದಿನ ಬೆಳಗ್ಗೆ ಸುಜಾತಾ ಮನೆಗೆ ಬಂದಳು. ಐಟಿಐ ಮುಗಿಸಿ ನಮ್ಮ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಬಂದಿದ್ದ ಹುಡುಗಿ. ಅವಳಿಗೆ ಮೈಕ್ರೋಮೀಟರ್ ಹಿಡಿಯುವುದನ್ನು ಕಲಿಸಿದವರಲ್ಲಿ ನಾನೂ ಒಬ್ಬ. ಆಮೇಲೆ ಅರೆಕೆರೆಯಲ್ಲಿ ತನ್ನದೇ ಬೋರಿಂಗ್ ಶಾಪ್ ಹಾಕಿಕೊಂಡಳು. ಸವೆದು ಹೋದ ಎಂಜಿನ್ ಸಿಲಿಂಡರುಗಳನ್ನು ಕೂದಲೆಳೆಯಷ್ಟು ಕೊರೆದು ಮತ್ತೆ ದುಂಡಗೆ ಮಾಡುವ ಕೆಲಸಕ್ಕೆ ಬೋರಿಂಗ್ ಎನ್ನುತ್ತಾರೆ. ಆ ಮೆಷಿನ್ ಹಿಡಿದ ಹೆಂಗಸನ್ನು ನಾನು ಬೇರೆಲ್ಲೂ ನೋಡಿಲ್ಲ. ಸುತ್ತಮುತ್ತಲ ಗ್ಯಾರೇಜಿನವರು ಮೊದಮೊದಲು ಮೂಗು ಮುರಿದರೂ ಕೆಲಸ ನೋಡಿ ಒಬ್ಬೊಬ್ಬರಾಗಿ ಬರತೊಡಗಿದ್ದರು.

ಕಾಫಿ ಲೋಟ ಮುಟ್ಟದೆ ಕೂತಿದ್ದಳು. "ಸಾರ್, ಶೆಡ್ ಖಾಲಿ ಮಾಡು ಅಂದ್ಬಿಟ್ರು. ಯುಗಾದಿ ಒಳಗೆ" ಅಂದಳು.

ಶೆಡ್ಡಿನ ಮಾಲೀಕರು ಮುನಿಯಪ್ಪನವರು. ಅರೆಕೆರೆಯ ಹಳೆಯ ಮನೆತನ. ಹಿಂದೆ ಹೊಲ ಉಳುತ್ತಿದ್ದವರು, ಈಗ ಅದೇ ಜಾಗದಲ್ಲಿ ಮನೆ, ಮಳಿಗೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ಅವರ ಮನೆಗೆ ಬಂದ ಮೊಟ್ಟಮೊದಲ ಕಾರು ಇನ್ನೂ ಇದೆ. ನಾಲ್ಕು ಸಿಲಿಂಡರಿನ ಹಳೇ ಪೆಟ್ರೋಲ್ ಕಾರು. ಮಕ್ಕಳು ಎಷ್ಟು ಹೇಳಿದರೂ ಮಾರಿಲ್ಲ. ಹೆಂಡತಿ ಜಯಮ್ಮನನ್ನು ಕೂರಿಸಿಕೊಂಡು ಶುಕ್ರವಾರ ಬನಶಂಕರಿ ಗುಡಿಗೆ ಹೋಗುವುದು ಅದರಲ್ಲೇ. ಆ ಎಂಜಿನ್ ಸವೆದು ಹೊಗೆ ಕಕ್ಕತೊಡಗಿದಾಗ ಬೋರಿಂಗಿಗೆ ಸುಜಾತಾಳಿಗೇ ಕೊಟ್ಟರು. "ನಮ್ಮ ಶೆಡ್ಡಿನ ಹುಡುಗಿ" ಎಂಬ ಹೆಮ್ಮೆ ಬೇರೆ. ಬಿಚ್ಚಿ ಜೋಡಿಸುವ ಕೆಲಸ ಪಕ್ಕದ ರಸ್ತೆಯ ಗ್ಯಾರೇಜಿನ ನಂಜುಂಡಿಯದು.

ಜೋಡಿಸಿದ ಎಂಜಿನ್ ಕೆಲವು ದಿನ ಚೆನ್ನಾಗಿಯೇ ಓಡಿತು. ಆಮೇಲೆ ತಲೆಯ ಕಡೆಯಿಂದ ಟಕಟಕ ಶುರುವಾಯಿತು. ಬಿಚ್ಚಿ ನೋಡಿದರೆ ಎಂಜಿನ್ನಿನ ತಲೆಭಾಗ, ಅಂದರೆ ಹೆಡ್ಡಿನೊಳಗೆ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್ ಶಾಫ್ಟ್ ಎಣ್ಣೆಯಿಲ್ಲದೆ ಉಜ್ಜಿ ಹಾಳಾಗಿತ್ತು. ನಂಜುಂಡಿ ಹೊಸ ಕ್ಯಾಮ್ ಹಾಕಿ ಮತ್ತೆ ಜೋಡಿಸಿದ. ಮತ್ತೆ ಅದೇ ಕಥೆ. ಈ ಸಲ ಕಾರು ನಿಂತದ್ದು ಕನಕಪುರ ರಸ್ತೆಯ ನಡುವೆ. ಜಯಮ್ಮ ಹಣ್ಣುಕಾಯಿ ಬುಟ್ಟಿ ಹಿಡಿದು ಬಿಸಿಲಲ್ಲಿ ನಿಂತಿದ್ದರಂತೆ, ಹಿಂದಿನಿಂದ ಬಸ್ಸಿನವರು ಹಾರನ್ ಹೊಡೆಯುತ್ತಿದ್ದರಂತೆ. ಮುನಿಯಪ್ಪನವರಿಗೆ ತಲೆ ಕೆಟ್ಟು ಮೊಸರು ಗಡಿಗೆಯಾಯಿತು.

"ಬೋರಿಂಗ್ ಮಾಡ್ದಾಗ ಉದುರಿದ ಕಬ್ಬಿಣದ ಚೂರು ತೊಳ್ದಿಲ್ಲ. ಅದು ಒಳಗೇ ಉಳ್ಕೊಂಡು ಆಯಿಲ್ ದಾರಿ ಕಟ್ಕೊಂಡಿದೆ" ಎಂದ ನಂಜುಂಡಿ. ಮುನಿಯಪ್ಪನವರು ಅದನ್ನೇ ಟೀ ಅಂಗಡಿಯಲ್ಲಿ, ಆಟೋ ಸ್ಟ್ಯಾಂಡಿನಲ್ಲಿ ಹೇಳಿದರು. ಕೇಳಿದವರು ತಮ್ಮದೊಂದು ಮಾತು ಸೇರಿಸಿದರು: "ಹೆಂಗಸ್ರ ಕೈಗೆ ಎಂಜಿನ್ ಕೊಟ್ರೆ ಇನ್ನೇನಾಗುತ್ತೆ?" ಬರುತ್ತಿದ್ದ ಗ್ಯಾರೇಜುಗಳು ನಿಂತವು. ಕೊನೆಗೆ ಶೆಡ್ಡೂ ಬಿಡು ಎಂದಾಯಿತು. ಬೋರಿಂಗ್ ಮೆಷಿನ್ ಎಂದರೆ ಹೊಲಿಗೆ ಮೆಷಿನ್ ಅಲ್ಲ, ಎತ್ತಿಕೊಂಡು ಹೋಗಲು. ನೆಲಕ್ಕೆ ಪಾಯ ಹಾಕಿ, ಮಟ್ಟ ನೋಡಿ ಕೂರಿಸಿರುತ್ತಾರೆ. ಕಿತ್ತರೆ ಮತ್ತೆ ಕೂರಿಸುವುದಕ್ಕೆ ಜಾಗ ಬೇಕು, ಹೆಸರು ಬೇಕು. ಹೆಸರೇ ಹೋದ ಮೇಲೆ ಜಾಗ ಯಾರು ಕೊಡುತ್ತಾರೆ?

"ನೀನು ತೊಳ್ದಿದ್ಯಾ?" ಎಂದು ಕೇಳಿದೆ. ನನ್ನ ಮಾತು ಸ್ವಲ್ಪ ಒರಟು.

"ಪ್ರತಿ ತೂತಿಗೂ ಬ್ರಷ್ ಹಾಕಿ ತೊಳ್ದಿದೀನಿ ಸಾರ್. ನೀವೇ ಕಲಿಸಿದ್ದಲ್ವಾ? ಆದ್ರೆ ನನ್ ಮಾತು ಯಾರ್ ನಂಬ್ತಾರೆ? ಎಂಜಿನ್ನೇ ಹೇಳ್ಬೇಕು."

ಅವಳು ಹೋದ ಮೇಲೂ ಆ ಮಾತು ತಲೆಯಲ್ಲೇ ಉಳಿಯಿತು. ಎಂಜಿನ್ನೇ ಹೇಳಬೇಕಾದರೆ ಅದನ್ನು ಟೆಸ್ಟ್ ಬೆಡ್ ಮೇಲೆ ಕೂರಿಸಬೇಕು. ಕಾರ್ಖಾನೆಯ ಬಾಗಿಲು ನನಗೆ ಮುಚ್ಚಿತ್ತು, ಹೊರಗಿನ ಎಂಜಿನ್ನನ್ನು ಅಲ್ಲಿಗೆ ಬಿಡುವುದೂ ಇಲ್ಲ. ಕಾರಿನೊಳಗೇ ನೋಡೋಣವೆಂದರೆ ಅದೂ ಆಗದು. ಹೆಡ್ಡಿಗೆ ಎಣ್ಣೆ ಹೋಗುವ ದಾರಿ ಎಂಜಿನ್ನಿನ ಹಿಂತುದಿಯಲ್ಲಿದೆ, ಕಾರಿನ ಒಳಗಿನ ತಗಡು ಗೋಡೆಗೆ ಅಂಟಿಕೊಂಡ ಹಾಗೆ. ಅಲ್ಲಿ ಬೆರಳೇ ತೂರುವುದಿಲ್ಲ, ಇನ್ನು ಒತ್ತಡ ಅಳೆಯುವ ಗೇಜ್ ಹಾಕುವುದೆಲ್ಲಿ? ಹಾಗಾದರೆ ಟೆಸ್ಟ್ ಬೆಡ್ಡನ್ನು ನಾನೇ ಮಾಡುತ್ತೇನೆ ಎಂದುಕೊಂಡೆ. ಮನೆಯ ಕಾರ್ ಶೆಡ್ಡಿನಲ್ಲಿ.

ನನ್ನ ಹೆಂಡತಿ ವಿಶಾಲಳಿಗೆ ಹೇಳಿದಾಗ ಅವಳು ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತದೆ, "ರಿಟೈರಾದ ಗಂಡಸ್ರು ತರಕಾರಿ ತರ್ತಾರೆ, ಮೊಮ್ಮಕ್ಕಳನ್ನ ಸ್ಕೂಲಿಗೆ ಬಿಡ್ತಾರೆ. ನೀವು ಎಂಜಿನ್ ತರ್ತೀರಾ?" ಎಂದಳು.

"ಆ ಹುಡುಗಿ ಅಂಗಡಿ ಹೋಗ್ತಿದೆ ಕಣೇ."

ಸೊಪ್ಪು ಕೆಳಗಿಟ್ಟಳು. "ಹಂಗಂತ ಮೊದ್ಲೇ ಹೇಳ್ಬಾರ್ದಾ? ಅಟ್ಟದ ಮೇಲೆ ಹಳೇ ಕಬ್ಬಿಣದ ಮಂಚ ಇದೆಯಲ್ಲ, ಇಳಿಸ್ಕೊಳ್ಳಿ. ತುಕ್ಕು ಹಿಡಿಯೋ ಬದ್ಲು ಯಾರಿಗಾದ್ರೂ ಆಗ್ಲಿ."

ಮರುದಿನವೇ ಅರೆಕೆರೆಗೆ ಹೋಗಿ ಮುನಿಯಪ್ಪನವರನ್ನೂ ನಂಜುಂಡಿಯನ್ನೂ ಸುಜಾತಾಳನ್ನೂ ಕೂರಿಸಿಕೊಂಡು ಮಾತಾಡಿದೆ. ಮುನಿಯಪ್ಪನವರಿಗೆ ಇಷ್ಟವಿರಲಿಲ್ಲ. "ಸಾರ್, ನೀವು ಓದ್ದೋರು, ದೊಡ್ಡೋರು. ಆದ್ರೂ ಅವ್ಳು ನಿಮ್ ಶಿಷ್ಯೆ. ನೀವು ಅವ್ಳ ಪರಾನೇ ಹೇಳ್ತೀರಿ" ಎಂದರು. ಮಾತು ಚುಚ್ಚಿತು, ಆದರೆ ನ್ಯಾಯವಾಗಿತ್ತು.

"ಹಂಗಾದ್ರೆ ಒಂದು ಕೆಲ್ಸ ಮಾಡೋಣ" ಎಂದೆ. "ನೀವು ಮೂರೂ ಜನ ಎದುರಿಗಿಲ್ದೆ ನಾನು ಎಂಜಿನ್ ಮುಟ್ಟಲ್ಲ. ಬೋಲ್ಟುಗಳ ಮೇಲೆ ಹಳದಿ ಬಣ್ಣದ ಗೆರೆ ಎಳೀತೀನಿ. ಯಾರಾದ್ರೂ ತಿರುಗಿಸಿದ್ರೆ ಗೆರೆ ಮುರಿಯುತ್ತೆ. ತಪ್ಪು ಸುಜಾತಂದೇ ಆದ್ರೆ ನಾನೇ ನಿಮ್ಮೆದುರಿಗೆ ಹೇಳ್ತೀನಿ, ಆಮೇಲೆ ಶೆಡ್ ಖಾಲಿ ಮಾಡ್ಸಿ."

ಸುಜಾತಾ ಪಕ್ಕದಲ್ಲೇ ಇದ್ದಳು. ಅವಳ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೆ ಅಳುಕಿತ್ತು. ಎಷ್ಟೇ ತೊಳೆದರೂ ಚೂರು ಉಳಿಯುವುದುಂಟು, ದೊಡ್ಡ ದೊಡ್ಡ ಕಾರ್ಖಾನೆಗಳಲ್ಲೇ ಉಳಿದದ್ದನ್ನು ಕಂಡಿದ್ದೇನೆ. ಅವಳು ಮಾತ್ರ, "ಆಗ್ಲಿ ಸಾರ್" ಎಂದು ಅಷ್ಟೇ ಹೇಳಿದಳು.

ಕೆಲಸ ಶುರುವಾಯಿತು. ಮಂಚದ ಕಾಲುಗಳನ್ನು ಅರ್ಧಕ್ಕೆ ಕತ್ತರಿಸಿದೆ. ಗುಜರಿಯಲ್ಲಿ ಸಿಕ್ಕ ಸಿ-ಚಾನೆಲ್ ಕಬ್ಬಿಣವನ್ನು ಅಡ್ಡಡ್ಡ ಬೆಸುಗೆ ಹಾಕಿಸಿ ಗಟ್ಟಿ ಚೌಕಟ್ಟು ಮಾಡಿದೆ. ಹಿಂಭಾಗಕ್ಕೆ ದಪ್ಪ ಉಕ್ಕಿನ ಹಲಗೆ. ಕಾರಿನಲ್ಲಿ ಗೇರ್ ಬಾಕ್ಸ್ ಕೂರುವ ಜಾಗವದು. ಸ್ಟಾರ್ಟರ್ ಮೋಟಾರು ಅದಕ್ಕೇ ಅಂಟಿಕೊಳ್ಳಬೇಕು, ತೂತುಗಳು ಒಂದಿಷ್ಟು ಆಚೀಚೆಯಾದರೂ ಅದರ ಹಲ್ಲು ಎಂಜಿನ್ ಚಕ್ರದ ಹಲ್ಲಿಗೆ ಕಚ್ಚುವುದಿಲ್ಲ. ಆ ಹಲಗೆಯನ್ನು ಸುಜಾತಾಳೇ ತನ್ನ ಮೆಷಿನ್ನಿನಲ್ಲಿ ಕೊರೆದಳು, ನಂಜುಂಡಿ ಪಕ್ಕದಲ್ಲಿ ನಿಂತು ಅಳತೆ ನೋಡಿದ. ಇಬ್ಬರೂ ಒಂದು ಮಾತೂ ಆಡಲಿಲ್ಲವಂತೆ. ಆದರೆ ಹಲಗೆ ಮೊದಲ ಸಲಕ್ಕೇ ಕೂತಿತು.

ಮುಂದೆ ಗುಜರಿ ರೇಡಿಯೇಟರ್, ಪಕ್ಕಕ್ಕೆ ಬ್ಯಾಟರಿ. ಪೆಟ್ರೋಲ್ ಕ್ಯಾನನ್ನು ಎಂಜಿನ್ನಿನಿಂದ ದೂರಕ್ಕೆ, ಸ್ವಲ್ಪ ಎತ್ತರದಲ್ಲಿ ಕಟ್ಟಿ, ನಲ್ಲಿ ಇಟ್ಟು, ಪೈಪು ಎಳೆದೆ. ತಿರುಗುವ ಭಾಗಗಳ ಸುತ್ತ ಕಬ್ಬಿಣದ ಜಾಲರಿ. ಕೈಗೆಟುಕುವಲ್ಲಿ ಕೆಂಪು ಸ್ವಿಚ್, ಒತ್ತಿದರೆ ಎಂಜಿನ್ ತಕ್ಷಣ ನಿಲ್ಲಬೇಕು. ಬೆಂಕಿ ಆರಿಸುವ ಸಿಲಿಂಡರ್, ಒಂದು ಬಕೆಟ್ ಮರಳು. ಸೈಲೆನ್ಸರ್ ಕೊಳವೆಯನ್ನು ಹೊಗೆ ಹೊರಹೋಗಲಿ ಎಂದು ಗೇಟಿನ ಕಡೆ ತಿರುಗಿಸಿದೆ. ಮನೆಯಲ್ಲಿ ಇಂಥದ್ದು ಮಾಡಲು ಹೊರಡುವವರಿಗೆ ಕೈಮುಗಿದು ಹೇಳುತ್ತೇನೆ: ಚೆಂದ ಆಮೇಲೆ, ಜಾಲರಿ ಮತ್ತು ಸ್ವಿಚ್ ಮೊದಲು. ತಿರುಗುವ ಕಬ್ಬಿಣಕ್ಕೆ ಯಾರ ಬೆರಳು ಎಂಬ ಲೆಕ್ಕವಿಲ್ಲ.

ಕೊನೆಯದಾಗಿ ಪ್ಲೈವುಡ್ ತುಂಡಿಗೆ ಗೇಜುಗಳನ್ನು ಜೋಡಿಸಿದೆ. ವೇಗಕ್ಕೊಂದು, ನೀರಿನ ಬಿಸಿಗೊಂದು, ಆಯಿಲ್ ಒತ್ತಡಕ್ಕೆ ಎರಡು. ಇದರಲ್ಲಿ ಆ ಎರಡರದೇ ಮುಖ್ಯ ಪಾತ್ರ. ಒಂದು ಎಂಜಿನ್ ಬ್ಲಾಕ್, ಅಂದರೆ ಸಿಲಿಂಡರುಗಳಿರುವ ಮೈಭಾಗದೊಳಗಿನ ದೊಡ್ಡ ಎಣ್ಣೆ ಕಾಲುವೆಗೆ, ಇನ್ನೊಂದು ಅದರಿಂದ ಕವಲೊಡೆದು ಮೇಲೆ ಹೆಡ್ಡಿಗೆ ಹೋಗುವ ದಾರಿಯ ತುದಿಗೆ. ಊರಿನ ಟ್ಯಾಂಕಿಗೊಂದು ಮೀಟರು, ಕೊನೇ ಮನೆಯ ನಲ್ಲಿಗೊಂದು ಮೀಟರು ಎಂದುಕೊಳ್ಳಿ. ಟ್ಯಾಂಕಿನಲ್ಲಿ ನೀರಿದ್ದು ಕೊನೇ ಮನೆಗೆ ಬರದಿದ್ದರೆ ತೊಂದರೆ ನಡುವಿನ ಪೈಪಿನಲ್ಲಿ.

ಗೂಡ್ಸ್ ಆಟೋದಲ್ಲಿ ಎಂಜಿನ್ ಬಂದಿಳಿಯಿತು. ನಮ್ಮಲ್ಲಿ ಎಲ್ಲ ಎಂಜಿನ್ನಿಗೂ ಇರುವ ಹಾಗೆ ಅದರ ಮೈಮೇಲೂ ಅರಿಶಿನ ಕುಂಕುಮದ ಕಲೆಗಳಿದ್ದವು. ಹೆಡ್ ಬೋಲ್ಟುಗಳ ಮೇಲೆ ಎಲ್ಲರೆದುರು ಹಳದಿ ಗೆರೆ ಎಳೆದೆ. ಹೊಸ ಕ್ಯಾಮ್ ಹಾಕಿ ನಂಜುಂಡಿ ಆಗಲೇ ಜೋಡಿಸಿ ತಂದಿದ್ದ.

ಮೊದಲ ದಿನದ ಫಜೀತಿ ಹೇಳಿದರೆ ನಗುತ್ತೀರಿ. ಎಂಜಿನ್ನನ್ನು ಚೌಕಟ್ಟಿಗೆ ನೇರವಾಗಿ ಬೋಲ್ಟ್ ಹಾಕಿ ಬಿಗಿದಿದ್ದೆ. ಕಾರ್ಖಾನೆಯಲ್ಲಿ ಕಾಂಕ್ರೀಟ್ ಪಾಯದ ಮೇಲೆ ಹಾಗೆ ನಡೆಯುತ್ತದೆ. ಇಲ್ಲಿ ಸ್ಟಾರ್ಟ್ ಮಾಡಿದ್ದೇ ತಡ, ಇಡೀ ಮಂಚ ಗಡಗಡ ನಡುಗುತ್ತ ಗೇಟಿನ ಕಡೆ ಹೊರಟಿತು. ನಾನು ಕೆಂಪು ಸ್ವಿಚ್ ಒತ್ತುವಷ್ಟರಲ್ಲಿ ಒಂದು ಬೆಸುಗೆ ಬಿಟ್ಟುಕೊಂಡಿತ್ತು. ಮುನಿಯಪ್ಪನವರು ತುಳಸಿಕಟ್ಟೆಯ ಹಿಂದೆ ಸೇರಿಕೊಂಡಿದ್ದರು. ಅಡುಗೆಮನೆ ಕಿಟಕಿಯಿಂದ ವಿಶಾಲ, "ಎಲ್ಲಿಗೆ ಹೊರಟಿತು ಸವಾರಿ?" ಎಂದು ಕೂಗಿದಳು. ಪಕ್ಕದ ಮನೆಯ ಟ್ಯೂಷನ್ ಮೇಷ್ಟ್ರು ಓಡಿ ಬಂದರು. "ಸಾರ್, ಪಬ್ಲಿಕ್ ಎಕ್ಸಾಮ್ ಹತ್ರ ಬಂತು! ಮಕ್ಕಳಿಗೆ ನಾನೇನ್ ಹೇಳ್ತಿದೀನಿ ಅಂತ ನಂಗೇ ಕೇಳಿಸ್ತಿಲ್ಲ."

ಅವರಿಗೆ ಸಮಾಧಾನ ಹೇಳಿ, ಬೆಳಗಿನ ಬ್ಯಾಚ್ ಹೋದ ಮೇಲೆ ಸಂಜೆಯದು ಬರುವವರೆಗೆ ಮಾತ್ರ ಓಡಿಸುವುದೆಂದು ಒಪ್ಪಿಕೊಂಡೆ. ಬೆಸುಗೆ ಮತ್ತೆ ಹಾಕಿಸಿದೆ. ಬೋಲ್ಟುಗಳ ನಡುವೆ ಕಾರಿನದೇ ರಬ್ಬರ್ ಮೌಂಟು ಕೂರಿಸಿದೆ, ಮಂಚದ ಕಾಲಡಿಗೆ ಹಳೇ ಟೈರಿನ ತುಂಡು ಕೊಟ್ಟೆ. ಆಮೇಲೆ ರೇಡಿಯೇಟರ್ ಸೋರಿತು. ಅದನ್ನು ಸರಿಮಾಡಿದರೆ ಪೆಟ್ರೋಲ್ ನಲ್ಲಿ ಕೈಕೊಟ್ಟಿತು. ಪ್ರತಿ ಸಲವೂ ಮೂವರನ್ನೂ ಕರೆಸಬೇಕು, ಪ್ರತಿ ಸಲವೂ ಮುನಿಯಪ್ಪನವರ ಗೊಣಗಾಟ ಕೇಳಬೇಕು. "ಸಾರ್, ಬಿಟ್ಬಿಡಿ. ಬೇರೆ ಎಂಜಿನ್ನೇ ಹಾಕ್ಸಿ ಕೈ ತೊಳ್ಕೋತೀನಿ" ಎಂದರು ಒಂದು ದಿನ.

ನನಗೆ ರೇಗಿತು. "ನೀವು ಕೈ ತೊಳ್ಕೋಬಹುದು ಸ್ವಾಮಿ. ಆ ಹುಡುಗಿ ಮುಖಕ್ಕೆ ಹಚ್ಚಿದ ಮಸಿ ಯಾರ್ ತೊಳೀತಾರೆ? ಇದು ಓಡೋವರೆಗೂ ಈ ಮಂಚ ಇಲ್ಲಿಂದ ಅಲ್ಲಾಡಲ್ಲ."

"ಆವತ್ತು ಅಲ್ಲಾಡಿತ್ತಲ್ಲ ಸಾರ್" ಎಂದ ನಂಜುಂಡಿ ಮೆಲ್ಲಗೆ. ಅಷ್ಟು ದಿನಗಳಲ್ಲಿ ಸುಜಾತಾ ನಕ್ಕಿದ್ದನ್ನು ನೋಡಿದ್ದು ಆಗಲೇ.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಒಂದು ದಿನ ನಮ್ಮ ಮಂಚದ ಟೆಸ್ಟ್ ಬೆಡ್ ಸರಿಯಾಗಿ ನಿಂತಿತು. ಎಂಜಿನ್ ಮೊದಲ ತಿರುವಿಗೇ ಸ್ಟಾರ್ಟ್ ಆಯಿತು. ಮಂಚ ಮಿಸುಕಲಿಲ್ಲ. ನಿಧಾನಕ್ಕೆ ಓಡುವಾಗ ಎರಡೂ ಆಯಿಲ್ ಗೇಜುಗಳು ಸರಿಯಾಗಿಯೇ ತೋರಿಸಿದವು: ಕಾಲುವೆಯಲ್ಲಿ ಒಂದೂವರೆ ಕೆ.ಜಿ. ಒತ್ತಡ, ಹೆಡ್ಡಿನ ತುದಿಯಲ್ಲಿ ಹತ್ತಿರ ಹತ್ತಿರ ಒಂದು. ನೀರು ಬಿಸಿಯಾಗುವವರೆಗೂ ಕಾದೆ. ಮುನಿಯಪ್ಪನವರು, "ಚೆನ್ನಾಗೇ ಇದೆಯಲ್ಲ!" ಎಂದರು. ನಾನು ಮೆಲ್ಲಗೆ ವೇಗ ಏರಿಸಿದೆ. ಕಾಲುವೆಯ ಮುಳ್ಳು ಮೂರೂವರೆಗೆ ಏರಿತು. ಹೆಡ್ಡಿನ ಮುಳ್ಳು ಒಂದು ಕ್ಷಣ ಅದರ ಜೊತೆಗೇ ಏರಿ, ತಟ್ಟನೆ ಸೊನ್ನೆಗೆ ಬಿತ್ತು.

ಎಂಜಿನ್ ನಿಲ್ಲಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದೆ. ನಿಧಾನಕ್ಕೆ ಓಡಿದಾಗ ಮುಳ್ಳು ಮತ್ತೆ ತನ್ನ ಜಾಗದಲ್ಲಿ! ವೇಗ ಏರಿಸಿದೆ, ಮತ್ತೆ ಸೊನ್ನೆ. ಎಷ್ಟು ಸಲ ಮಾಡಿದರೂ ಅದೇ.

ನನಗೆ ಅರ್ಥವಾಯಿತು. ದಾರಿಯಲ್ಲಿ ಏನೋ ಸಡಿಲವಾಗಿ ಬಿದ್ದಿದೆ. ಬ್ಲಾಕಿನೊಳಗಿನ ದಾರಿ ಪೆನ್ಸಿಲ್ ತೂರುವಷ್ಟು ಅಗಲ, ಹೆಡ್ಡಿನ ಕಡೆಯ ಬಾಯಿ ಮಾತ್ರ ಬಹಳ ಕಿರಿದು. ಎಣ್ಣೆ ಜೋರಾಗಿ ನುಗ್ಗಿದಾಗ ಆ ವಸ್ತು ತೇಲಿ ಮೇಲೇರಿ, ಕಿರಿದಾದ ಬಾಯಿಗೆ ಬಿರಡೆಯಾಗುತ್ತದೆ. ಎಂಜಿನ್ ನಿಂತರೆ ಮತ್ತೆ ಕೆಳಗೆ ಬೀಳುತ್ತದೆ. ನಂಜುಂಡಿ ಹೆಡ್ ಬಿಚ್ಚಿ ಮೇಲಿನಿಂದ ಗಾಳಿ ಊದಿದಾಗಲೆಲ್ಲ ಅದು ಕೆಳಕ್ಕೆ ಹೋಗಿ ಮೂಲೆ ಸೇರಿರಬೇಕು, ದಾರಿ ಸ್ವಚ್ಛವಾಗಿದೆ ಎಂದೇ ಅವನಿಗೆ ಅನ್ನಿಸಿರಬೇಕು. ಅವನನ್ನು ಬೈಯುವಂತಿರಲಿಲ್ಲ. ಆದರೆ ಬ್ಲಾಕಿನೊಳಗೆ ಸಡಿಲವಾಗಿ ಬಿದ್ದಿರುವುದು ಬೋರಿಂಗ್ ಚೂರಲ್ಲದೆ ಇನ್ನೇನಿರಲು ಸಾಧ್ಯ?

ಇದನ್ನು ಹೇಳಬೇಕಾಗಿತ್ತು, ಹೇಳಿದೆ. ಒಂದು ಮಾತನ್ನೂ ಮುಚ್ಚಿಡಲಿಲ್ಲ. ಮುನಿಯಪ್ಪನವರು, "ನಾನು ಮೊದ್ಲೇ ಹೇಳ್ಲಿಲ್ವಾ?" ಎಂದು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು.

ಸುಜಾತಾಳ ಮುಖ ಬಿಳಿಚಿಕೊಂಡಿತ್ತು. "ಕೂತ್ಕೊಳ್ಳಿ ಅಂಕಲ್. ಒಳಗೇನಿದೆ ಅಂತ ಯಾರೂ ಇನ್ನೂ ನೋಡಿಲ್ಲ" ಎಂದಳು. ನನ್ನ ಕಡೆ ತಿರುಗಿ, "ಬಿಚ್ಚಿ ಸಾರ್. ಚೂರು ಇದ್ರೆ ನನ್ ಕೈಗೇ ಕೊಡಿ" ಎಂದಳು.

ಹಳದಿ ಗೆರೆಗಳು ಹಾಗೇ ಇರುವುದನ್ನು ಎಲ್ಲರಿಗೂ ತೋರಿಸಿ ಹೆಡ್ ಬಿಚ್ಚಿದೆವು. ಈ ಸಲ ಗಾಳಿಯನ್ನು ಮೇಲಿನಿಂದ ಊದಲಿಲ್ಲ. ಕಾಲುವೆಯ ಹಿಂತುದಿಯ ಮುಚ್ಚಳ ತೆಗೆದು, ಕೆಳಗಿನಿಂದ ಕಂಪ್ರೆಸರ್ ಗಾಳಿ ಬಿಟ್ಟು, ಮೇಲಿನ ತೂತಿಗೆ ವಿಶಾಲ ಕೊಟ್ಟ ಬಿಳಿ ಪಂಚೆಯ ತುಂಡನ್ನು ಹಿಡಿದೆ. ಬುಸ್ಸೆಂದು ಎಣ್ಣೆ ಎರಚಿತು. ಬಟ್ಟೆ ಬಿಡಿಸಿ ನೋಡಿದರೆ ನಡುವೆ ಕಂದು ಬಣ್ಣದ ಎರಡು ಸಣ್ಣ ಕಾಳುಗಳು.

ಸುಜಾತಾ ಮ್ಯಾಗ್ನೆಟ್ ಹಿಡಿದಳು. ಅಂಟಲಿಲ್ಲ. ಅಲ್ಯೂಮಿನಿಯಂ ಇರಬಹುದೇ ಎಂದು ನಾನು ಒಂದನ್ನು ಇಕ್ಕಳದಲ್ಲಿ ಒತ್ತಿದೆ. ಪಟ್ ಎಂದು ಒಡೆಯಿತು. ಒಳಗೆ ಬೆಳ್ಳಗೆ.

"ಅಕ್ಕಿ!" ಎಂದಳು ವಿಶಾಲ, ನನ್ನ ಹೆಗಲ ಮೇಲಿನಿಂದ ಬಗ್ಗಿ ನೋಡಿ. ಅಡುಗೆಮನೆಯ ವಸ್ತು ಅವಳಿಗಲ್ಲದೆ ನಮಗೆ ಎಲ್ಲಿಂದ ಗೊತ್ತಾಗಬೇಕು!

ಎಂಜಿನ್ನಿನೊಳಗೆ ಅಕ್ಕಿ ಎಲ್ಲಿಂದ ಬರಬೇಕು? ನಂಜುಂಡಿ ನಿಂತಲ್ಲೇ ಹಣೆ ಚಚ್ಚಿಕೊಂಡ. "ಅಯ್ಯೋ ದೇವ್ರೇ! ಪೂಜೆ ಸಾರ್, ಪೂಜೆ! ಪಿಸ್ಟನ್ ಎಲ್ಲಾ ಹಾಕಿ, ಹೆಡ್ ಕೂರ್ಸೋಕೆ ಮುಂಚೆ ನಾನು ಮಧ್ಯೆ ಹಾಕೋ ಗ್ಯಾಸ್ಕೆಟ್ ತರೋಕ್ ಹೊರಟಿದ್ದೆ. ಅಷ್ಟೊತ್ತಿಗೆ ಜಯಮ್ಮೋರು ಬಂದು, ಶುಕ್ರವಾರ, ಒಂದ್ ಆರತಿ ಎತ್ತಿ ಹೋಗ್ತೀನಿ ಅಂದ್ರು. ಎತ್ತಿ ಅಮ್ಮ ಅಂತ ನಾನೇ ಹೇಳಿ ಹೋದೆ!"

ಮುನಿಯಪ್ಪನವರು ಮತ್ತೆ ಕುರ್ಚಿಯಲ್ಲಿ ಕುಸಿದರು. ಅವರೂ ಆ ಪೂಜೆಯಲ್ಲಿದ್ದರು. ಜಯಮ್ಮ ಅರಿಶಿನ ಕುಂಕುಮ ಹಚ್ಚಿ, ಆರತಿ ಎತ್ತಿ, ಮಕ್ಕಳಿಗೆ ಹರಸುವ ಹಾಗೆ ಎಂಜಿನ್ನಿನ ಮೇಲೂ ಅಕ್ಷತೆ ಹಾಕಿದ್ದರು. ಹೆಡ್ ಇಲ್ಲದ ಬ್ಲಾಕ್, ಬಾಯಿ ತೆರೆದುಕೊಂಡಿದ್ದ ಎಣ್ಣೆ ದಾರಿ. ಮೇಲೆ ಕಂಡ ಕಾಳುಗಳನ್ನೆಲ್ಲ ನಂಜುಂಡಿ ಒರೆಸಿ ತೆಗೆದಿದ್ದ, ಒಳಗೆ ಬಿದ್ದದ್ದು ಅವನಿಗೆ ಕಾಣುವುದು ಹೇಗೆ? ಇಷ್ಟು ದಿನ ಯಾರೂ ಈ ವಿಷಯ ಎತ್ತಿರಲಿಲ್ಲ, ಯಾರೂ ಮುಚ್ಚಿಟ್ಟದ್ದೂ ಅಲ್ಲ. ನಮ್ಮಲ್ಲಿ ಹೊಸ ಎಂಜಿನ್ನಿಗೆ ಪೂಜೆ ಮಾಡಿದೆವು ಎಂಬುದು ಹೇಳುವ ವಿಷಯವೇ ಅಲ್ಲವಲ್ಲ! ಅದರ ಮೈಮೇಲಿನ ಕುಂಕುಮವನ್ನು ದಿನವೂ ನೋಡುತ್ತಿದ್ದ ನನಗೂ ಕೇಳಬೇಕೆನಿಸಿರಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗಿತ್ತು ಸುಜಾತಾಳ ಸ್ಥಿತಿ. ಅವಳು ಗೋಡೆಗೆ ಒರಗಿ, ಎಣ್ಣೆ ಕೈಯಲ್ಲೇ ಕಣ್ಣೊರೆಸಿಕೊಂಡಳು. ಕೆನ್ನೆಯೆಲ್ಲ ಕಪ್ಪಾಯಿತು. ವಿಶಾಲ ಸೆರಗಿನಿಂದ ಒರೆಸಹೋಗಿ ಸೀರೆಯನ್ನೂ ಕಪ್ಪು ಮಾಡಿಕೊಂಡಳು. ನಾನು ಸ್ಪ್ಯಾನರುಗಳನ್ನು ಜೋಡಿಸುತ್ತ ನಿಂತೆ.

ಮುನಿಯಪ್ಪನವರು ಕೆಟ್ಟವರಲ್ಲ. ಎದ್ದು ಬಂದು, "ಏನೋ ಆಗೋಯ್ತು ಕಣಮ್ಮ. ನೀನು ಶೆಡ್ಡಲ್ಲೇ ಇರು, ಯಾರೂ ಖಾಲಿ ಮಾಡ್ಸಲ್ಲ. ಜಯಮ್ಮಂಗೆ ಮಾತ್ರ ಗೊತ್ತಾಗೋದ್ ಬೇಡ, ನೊಂದ್ಕೋತಾಳೆ. ಇದನ್ನ ಇಲ್ಲಿಗೇ ಬಿಟ್ಬಿಡಣ" ಎಂದರು.

ಸರಿಯಾದ ಮಾತು ಎಂದೇ ನನಗೆ ಅನ್ನಿಸಿತು. ಕಾರಣ ಸಿಕ್ಕಿತು, ಶೆಡ್ ಉಳಿಯಿತು. ಕಾರ್ಖಾನೆಯಲ್ಲಾಗಿದ್ದರೆ ಇಷ್ಟಕ್ಕೆ ನನ್ನ ಕೆಲಸ ಮುಗಿಯುತ್ತಿತ್ತು.

ಸುಜಾತಾ ತಲೆಯಾಡಿಸಿದಳು. "ಇಲ್ಲ ಅಂಕಲ್. ಶೆಡ್ ಇಟ್ಕೊಂಡ್ ನಾನೇನ್ ಮಾಡ್ಲಿ? ಕೆಲಸ ಕೊಡೋರು ಬರ್ಬೇಕಲ್ಲ? ನನ್ ಹೆಸರು ಹೋಗಿದ್ದು ಬೀದೀಲಿ. ವಾಪಸ್ ಬರೋದೂ ಬೀದೀಲೇ ಬರ್ಬೇಕು."

ದನಿ ಎತ್ತಲಿಲ್ಲ. ಹಾಗಾದರೆ ಮಂಚವನ್ನೇ ಅವಳ ಬೀದಿಗೆ ಒಯ್ಯೋಣ ಎಂದೆ ನಾನು.

ಹಾಳಾದ ಭಾಗ ಬದಲಿಸಿ, ಎಲ್ಲ ದಾರಿಗಳನ್ನೂ ತೊಳೆದು ಎಂಜಿನ್ ಜೋಡಿಸಿದೆವು. ಪದ್ಮನಾಭನಗರದಲ್ಲಿ ಗಂಟೆಗಟ್ಟಲೆ ಓಡಿಸಿ ನೋಡಿದೆ. ಎರಡೂ ಮುಳ್ಳುಗಳು ಜೊತೆಯಾಗಿ ಏರಿದವು, ಜೊತೆಯಾಗಿ ಇಳಿದವು. ಆಮೇಲೆ ಮಂಚವನ್ನು ಎಂಜಿನ್ ಸಮೇತ ಗೂಡ್ಸ್ ಗಾಡಿಗೆ ಏರಿಸಿ ಅರೆಕೆರೆಗೆ ಸಾಗಿಸಿದೆವು. ಯುಗಾದಿಗೆ ಇನ್ನೂ ಸ್ವಲ್ಪ ದಿನವಿತ್ತು. ಬೆಳಗ್ಗೆ ಗ್ಯಾರೇಜುಗಳು ಬಾಗಿಲು ತೆಗೆಯುವ ಹೊತ್ತಿಗೆ ಸುಜಾತಾಳ ಶೆಡ್ಡಿನ ಮುಂದೆ ಮಂಚ ನಿಂತಿತ್ತು. ನಂಜುಂಡಿ ತಾನೇ ಹೋಗಿ ಸುತ್ತಲಿನ ಮೆಕ್ಯಾನಿಕ್ಕುಗಳನ್ನು ಕರೆತಂದಿದ್ದ. ಟೀ ಅಂಗಡಿಯವರೂ ಆಟೋದವರೂ ಕರೆಯದೆಯೇ ಬಂದರು. ನಮ್ಮ ಜನಕ್ಕೆ ಬಾನೆಟ್ ತೆರೆದಿದ್ದರೆ ಸಾಕು, ಇಣುಕದೆ ಇರಲಾರರು. ಇಲ್ಲಿ ಕಾರೇ ಇಲ್ಲದೆ ಎಂಜಿನ್ ಓಡುತ್ತಿದೆ!

ವೇಗ ಏರಿಸಿ, ಗೇಜುಗಳನ್ನು ತೋರಿಸಿ, ಏನಾಗಿತ್ತೆಂದು ವಿವರಿಸಿದೆ. ನಂಜುಂಡಿ ಮುಂದೆ ಬಂದು, "ಚೂರು ಅಂತ ಮೊದ್ಲು ಹೇಳ್ದೋನು ನಾನೇ. ಕಣ್ಣಲ್ಲಿ ನೋಡ್ದೆ ಹೇಳ್ದೆ. ಸುಜಾತಕ್ಕನ ಕೆಲ್ಸದಲ್ಲಿ ಏನೂ ತಪ್ಪಿರ್ಲಿಲ್ಲ" ಎಂದ. ಅವನಿಗೆ ಅದು ಸುಲಭದ ಮಾತಾಗಿರಲಿಲ್ಲ, ಕಿವಿ ಕೆಂಪಾಗಿತ್ತು.

ಮುನಿಯಪ್ಪನವರ ಸರದಿ. ಟವೆಲ್ ಸರಿಮಾಡಿಕೊಂಡು, ಕೆಮ್ಮಿ, "ಒಳಗಡೆ ಏನೋ ಕಸ ಸೇರ್ಕೊಂಡಿತ್ತಂತೆ" ಎಂದು ಮಾತು ನುಂಗಿದರು.

"ಕಸ ಅಲ್ಲ ಕಣ್ರೀ!" ಹಿಂದಿನಿಂದ ದನಿ ಬಂತು. ಜಯಮ್ಮ. ಗಂಡ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಅವರು ಆಗಲೇ ಹೊರಗೆಳೆದಿದ್ದರಂತೆ. ಜನರನ್ನು ಸರಿಸಿಕೊಂಡು ಮುಂದೆ ಬಂದರು. "ಅಕ್ಷತೆ ಕಾಳು. ನಾನೇ ಹಾಕಿದ್ದು, ಒಳ್ಳೇದಾಗ್ಲಿ ಅಂತ ಹಾಕಿದ್ದು. ನಂಗೆ ಅಲ್ಲಿ ತೂತಿದೆ ಅಂತ ಗೊತ್ತಿರ್ಲಿಲ್ಲ. ಅದ್ರಲ್ಲಿ ನಾಚ್ಕೊಳ್ಳೋದೇನಿದೆ? ಆದ್ರೆ ಗೊತ್ತಿಲ್ದೆ ಈ ಹೆಣ್ಮಗಳ ಮೇಲೆ ಊರೆಲ್ಲಾ ಗೂಬೆ ಕೂರಿಸ್ಕೊಂಡ್ ಬಂದ್ರಲ್ಲ ನೀವು, ಅದಕ್ಕೆ ನಾಚ್ಕೋಬೇಕು. ಎಲ್ಲೆಲ್ಲಿ ಹೇಳಿದ್ರೋ ಅಲ್ಲೆಲ್ಲಾ ಹೋಗಿ ಹೇಳ್ಬಿಟ್ ಬನ್ನಿ!"

ಯಾರೋ ಕಿಸಕ್ಕೆಂದರು. ಮುನಿಯಪ್ಪನವರು ತಲೆ ತಗ್ಗಿಸಿ, "ತಪ್ಪಾಯ್ತು ಕಣಮ್ಮ ಸುಜಾತಾ" ಎಂದರು. ಈ ಸಲ ಎಲ್ಲರಿಗೂ ಕೇಳಿಸಿತು.

ನನ್ನ ವೃತ್ತಿಯಲ್ಲಿ ಸಾವಿರಾರು ಎಂಜಿನ್‌ಗಳ ತಪ್ಪು ಹುಡುಕಿ ವರದಿ ಬರೆದಿದ್ದೇನೆ. ವರದಿ ಫೈಲು ಸೇರಿದರೆ ನನ್ನ ಕರ್ತವ್ಯ ಮುಗಿಯಿತೆಂದು ನಂಬಿದ್ದವನು. ಆ ಫೈಲು ಮುಚ್ಚುವ ಮೊದಲು ಯಾವ ಕೆಲಸಗಾರನ ಮೇಲೆ ಯಾರು ಏನು ಹೇಳಿದ್ದರು, ಅದನ್ನು ಯಾರಾದರೂ ತಿದ್ದಿದರೇ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಕಾರಣ ಹುಡುಕುವುದು ಅರ್ಧ ಕೆಲಸ. ಸುಳ್ಳು ಎಷ್ಟು ಜನರ ಕಿವಿಗೆ ಬಿದ್ದಿತ್ತೋ ಅಷ್ಟು ಜನರ ಕಿವಿಗೆ ನಿಜವನ್ನೂ ಹಾಕುವುದು ಇನ್ನರ್ಧ. ಕಾರ್ಖಾನೆ ಕಲಿಸದ ಈ ಪಾಠವನ್ನು ನಾನು ನಿವೃತ್ತನಾದ ಮೇಲೆ, ನನ್ನ ಶಿಷ್ಯೆಯಿಂದ ಕಲಿತೆ.

ಜನ ಚದುರಿದರು. ಎಂಜಿನ್ ಆರಿಸಿ ಪೆಟ್ರೋಲ್ ನಲ್ಲಿ ಮುಚ್ಚುತ್ತಿದ್ದೆ. ಆಗ ಮೆಕ್ಯಾನಿಕ್ ಒಬ್ಬ ತನ್ನ ಸ್ಕೂಟರಿನ ಮುಂದಿನಿಂದ ಗೋಣಿಚೀಲ ಸುತ್ತಿದ ಎಂಜಿನ್ ಬ್ಲಾಕನ್ನು ಉಸಿರು ಕಟ್ಟಿ ಎತ್ತಿಕೊಂಡು ಬಂದು ಶೆಡ್ಡಿನ ಬಾಗಿಲಲ್ಲಿ ಇಳಿಸಿದ. ಬೇರೆಲ್ಲೋ ಕೊಡಲು ಹೊರಟಿದ್ದ ಕೆಲಸವಿರಬೇಕು. ಸುಜಾತಾಳ ಮುಖ ನೋಡದೆ, "ಅಕ್ಕ, ಇದೊಂದು ಬೋರಿಂಗ್ ಆಗ್ಬೇಕಿತ್ತು. ಯಾವಾಗ ಕೊಡ್ತೀರಾ?" ಎಂದ.

ಅವಳು ಗೋಣಿಚೀಲ ಬಿಚ್ಚಿ, ಸಿಲಿಂಡರಿನೊಳಗೆ ಬೆರಳಾಡಿಸಿ ನೋಡಿದಳು. "ನಾಳೆ ಸಾಯಂಕಾಲ ಬಾ" ಎಂದು ಹೇಳಿ, ಮೆಷಿನ್ ಸ್ವಿಚ್ ಹಾಕಲು ಒಳಗೆ ಹೋದಳು.